ಗದ್ದೆಮ್ಮ ಚೆಲ್ಲಿದ ನೀರು

ದೇವದುರ್ಗದ ಆ ಹೆಂಗಸು ಚೆಲ್ಲಿದ್ದು ಯಾವ ನೀರು? ಬೆಳಿಗ್ಗೆಯಿಂದ ಅನ್ವರಿ ಬೇಗಮಳ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಹಳ್ಳದ ನೀರಾಗಿದ್ದರೆ ಚೆಲ್ಲಿದ್ದೇ ಒಳ್ಳೆಯದಾಯಿತು. ಉಪ್ಪು, ಸಕ್ಕರೆ ಕಲಸಿದ ನೀರಾಗಿದ್ದರೆ? ಒಲೆಯ ಮೇಲಿನ ಹಾಲು ಉಕ್ಕಿ ಬೂದಿಗೆ ಹರಿಯಿತು. ಅವಳು ಅದನ್ನು ನೋಡುತ್ತಲೇ ನಿಂತಿದ್ದಳು, ಇಳಿಸಬೇಕೆಂದು ಹೊಳೆಯಲಿಲ್ಲ.

ಸುದ್ದಿ ತಂದವನು ಯಂಕೋಬ. ಮಾನ್ವಿಯ ಕನ್ನಡ ಶಾಲೆಯ ಮಾಸ್ತರ. ರಾಯಚೂರಿನ ಕಾಲೇಜೊಂದರಲ್ಲಿ ಶನಿವಾರ, ರವಿವಾರ ನಡೆಯುತ್ತಿದ್ದ ಸ್ಲೈಡು ಮಾಡುವ ತರಗತಿಗೆ ಅನ್ವರಿಯಂತೆ ಅವನೂ ಹೋಗುತ್ತಿದ್ದ. ಹಿಂದಿನ ದಿನ ಸಂಜೆ ದೇವದುರ್ಗದ ಊರಂಚಿನ ಓಣಿಯಲ್ಲಿ, ಅನ್ವರಿ ತೆಗೆದ ಚಿತ್ರಗಳನ್ನು ಪ್ರೊಜೆಕ್ಟರಿನಿಂದ ಶಾಲೆಯ ಗೋಡೆಯ ಮೇಲೆ ಬಿಟ್ಟು ತೋರಿಸಿದ್ದ. ಬೆಳಗಿನ ಬಸ್ಸಿಗೆ ಮಾನ್ವಿಗೆ ಬಂದವನು ಸ್ಲೈಡಿನ ಡಬ್ಬಿ ಕೊಟ್ಟುಹೋಗಲು ಅವಳ ಮನೆಯ ಬಾಗಿಲಿಗೆ ಬಂದು ನಿಂತಿದ್ದ.

“ಭಾಳ ಛಲೋ ಆತ್ರೀ ಟೀಚರ್. ಕಡೀ ಚಿತ್ರ ಬಂದ ಕೂಡ್ಲೆ ಹೆಣ್ಮಕ್ಕಳೆಲ್ಲ ಲೊಚಗುಟ್ಟಿದ್ರು. ಗದ್ದೆಮ್ಮ ಅಂತ ಒಬ್ಬಾಕಿ, ಕೂಸಿಗೆ ಭೇದಿ ಹತ್ತಿ ಹೈರಾಣ ಆಗ್ಯಾದ, ಮುಗಿದದ್ದ ತಡ ಎದ್ದು ಮನಿಗಿ ಹೋದ್ಳು. ಚರಗಿ ತಂದು ಎಲ್ಲಾರ ಮುಂದ ನೀರು ಚೆಲ್ಲಿಬಿಟ್ಳು. ಅಷ್ಟು ಮನಸಿಗಿ ನಾಟ್ಯಾದ ನೋಡ್ರಿ.”

“ಕಡೀ ಚಿತ್ರ ಯಾವುದಿತ್ರೀ?”

“ಕಣ್ಣು ಗುಳಿ ಬಿದ್ದ ಕೂಸಿಂದು.”

“ಮೊದಲ್ನೇದು?”

“ನಗೋ ಕೂಸಿಂದು. ಯಾಕ್ರೀ? ನೀವು ಇಟ್ಟಂಗ ನಂಬರ ಹಾಕೀನಿ. ಕ್ಲಾಸಿನ್ಯಾಗ ಬೂದೆಪ್ಪ ಸರ್ ಹೇಳಿದಂಗ ಒಂದು ಮಾತೂ ಆಡಿಲ್ಲ, ಬರೇ ಚಿತ್ರ ಬಿಟ್ಟೀನಿ.”

“ಚರಗಿಯೊಳಗ ಯಾವ ನೀರಿತ್ತು?”

“ಅದೇನು ಕೇಳಲಿಲ್ರೀ. ಕೆಟ್ಟ ನೀರ ಇರಬೇಕು,” ಎಂದು ಯಂಕೋಬ ಸೈಕಲ್ ಹತ್ತಿದ. ಶಾಲೆಯ ಗಂಟೆಯಾಗುವ ಹೊತ್ತು. ಮಗಳ ಜ್ವರಕ್ಕೆಂದು ರಜೆ ಹಾಕಿದ್ದ ಅನ್ವರಿ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ಉಳಿದಳು.

ಅನ್ವರಿ ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ತಂದೆ ದಸ್ತಗೀರ್ ಸಾಬರು ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ತೂಗುವವರು. ಮಗಳು ಓದಬೇಕೆಂದು ಹಟ ಹಿಡಿದು ಉರ್ದು ಶಾಲೆಗೆ ಹಾಕಿದ್ದರು. ಐದನೆಯ ವಯಸ್ಸಿನಿಂದ ಅವಳ ಕೈ ಓಡಿದ್ದೆಲ್ಲ ಬಲದಿಂದ ಎಡಕ್ಕೆ. ಕನ್ನಡವನ್ನು ಓಣಿಯಲ್ಲಿ ಮಾತಾಗಿ ಮೊದಲು ಕಲಿತಳು, ಶಾಲೆಯಲ್ಲಿ ಅಕ್ಷರವಾಗಿ ಆಮೇಲೆ. ಶಿಕ್ಷಕಿಯ ತರಬೇತಿ ಮುಗಿಯುತ್ತಿದ್ದಂತೆ ಮಾನ್ವಿಯ ಬುರ್ಹಾನುದ್ದೀನನ ಜೊತೆ ನಿಕಾಹ್ ಆಯಿತು. ಅವನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಊರಿನ ಉರ್ದು ಶಾಲೆಯಲ್ಲಿ ಅನ್ವರಿಗೆ ಕೆಲಸವೇನೋ ಸಿಕ್ಕಿತು, ಆದರೆ ಕಾಯಂ ಅಲ್ಲ. ಬೇಸಿಗೆ ರಜೆ ಬಂದಾಗಲೆಲ್ಲ, ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಮಗಳು ಮುನವ್ವರ್ ಹುಟ್ಟಿದ ಮೇಲಂತೂ ಎದೆ ಹೊಡೆದುಕೊಳ್ಳುವುದಕ್ಕೆ ರಜೆಯ ಹಂಗೂ ಬೇಕಾಗಲಿಲ್ಲ. ಕೂಸು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವಳು. ಕುದಿಸಿದ ನೀರನ್ನೇ ಮತ್ತೆ ಕುದಿಸುವಳು. ಮಾನ್ವಿಯ ಬಿಸಿಲಿನಲ್ಲೂ ತಲೆಗೆ ಕುಲಾಯಿ ಕಟ್ಟುವಳು. “ಟೀಚರ್ ಬಾಯಿ ಮಗಳಿಗಿ ಗಾಳೀನೂ ಸೋಸಿ ಕೊಡ್ತಾಳವಾ,” ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡರೆ ಆಡಿಕೊಳ್ಳಲಿ, ಕೂಸು ನನ್ನದು ಎನ್ನುತ್ತಿದ್ದಳು ಅನ್ವರಿ. ಸಂಜೆ ಮಾತ್ರ ಅದನ್ನೇ ನೆನೆದು ಒಬ್ಬಳೇ ಅಳುವಳು.

ಎಂಬತ್ತೈದನೆಯ ಇಸವಿಯಲ್ಲಿ ಕಾಲೇಜಿನವರು ಶಿಕ್ಷಕರಿಗಾಗಿ ಆ ಚಿಕ್ಕ ತರಗತಿ ಶುರುಮಾಡಿದಾಗ ಅವಳು ಸೇರಿದ್ದು ಸರ್ಟಿಫಿಕೇಟಿನ ಆಸೆಯಿಂದ. ಅದೊಂದು ಕೈಯಲ್ಲಿದ್ದರೆ ಕಾಯಂ ಮಾಡುವಾಗ ತನ್ನನ್ನು ದಾಟಿಹೋಗಲಿಕ್ಕಿಲ್ಲ ಎಂದುಕೊಂಡಿದ್ದಳು. ಆದರೆ ಕತ್ತಲ ಕೋಣೆಯಲ್ಲಿ ಪ್ರೊಜೆಕ್ಟರಿನ ಬೆಳಕು ಗೋಡೆಗೆ ಬಿದ್ದು, ಉಗುರಿನಷ್ಟು ಅಗಲದ ಬೇವಿನೆಲೆ ಆಳೆತ್ತರಕ್ಕೆ ಬೆಳೆದು ನಿಂತ ದಿನ ಸರ್ಟಿಫಿಕೇಟು ಮರೆತುಹೋಯಿತು. ಕಲಿಸುವ ಬೂದೆಪ್ಪ ಸರ್ ಮೆತ್ತಗಿನ ಮನುಷ್ಯ, ನಿಯಮದಲ್ಲಿ ಮಾತ್ರ ಗಟ್ಟಿ. ಒಂದು ಸ್ಲೈಡಿನಲ್ಲಿ ಒಂದೇ ಸಂಗತಿ ಇರಬೇಕು. ಅಕ್ಷರ ಇರಬಾರದು. “ನೋಡೋರಿಗಿ ಓದಾಕ ಬರಂಗಿಲ್ಲ ಅಂತ ತಿಳಕೊಂಡ ಮಾಡ್ರಿ. ಮೊದಲ ಸಲ ತೋರಿಸೂ ಮುಂದ ಬಾಯಿನೂ ತೆರೀಬ್ಯಾಡ್ರಿ. ಚಿತ್ರಕ್ಕ ಕಾಲು ಅದಾವೋ ಇಲ್ಲೋ ಆವಾಗ ತಿಳೀತದ.”

ಮಳೆಗಾಲ ಬಂತೆಂದರೆ ಕೂಸುಗಳಿಗೆ ಭೇದಿ. ಅನ್ವರಿ ಅದನ್ನೇ ಆರಿಸಿಕೊಂಡಳು. ಸೊರಗಿದ ಕೂಸು, ಆರಿಸಿದ ನೀರಿನ ತಂಬಿಗೆ, ಅದರೊಳಗೆ ಬೀಳುವ ಉಪ್ಪು ಸಕ್ಕರೆ, ಬಾಯಿಗೆ ಹಿಡಿದ ಚಮಚ, ಎದ್ದು ಕೂತ ಕೂಸು, ನಗುವ ಕೂಸು. ಯಾರ ಕೂಸನ್ನು ಕೇಳುವುದು? ತನ್ನ ಮಗಳನ್ನೇ ಕೂರಿಸಿದಳು. ನಿದ್ದೆಯಿಂದ ಆಗಷ್ಟೇ ಎದ್ದ ಮುನವ್ವರಳ ಕಣ್ಣ ಕೆಳಗೆ ಒಲೆಯ ಮಸಿ ಸವರಿ ಮೊದಲ ಚಿತ್ರ ತೆಗೆಯುವಾಗ ಅತ್ತೆ ಇಮಾಮ್ ಬೀ ಅಡ್ಡ ಬಂದಳು.

“ಅಚ್ಛೀ ಬಚ್ಚೀ ಕೂ ಬೀಮಾರ್ ಬನಾಕೋ ದಿಖಾತೀ ಕ್ಯಾ ಗೇ?”

ಚೆನ್ನಾಗಿರುವ ಕೂಸನ್ನು ರೋಗದ ಕೂಸು ಮಾಡಿ ತೋರಿಸುತ್ತೀಯಾ ಎಂಬ ಆ ಮಾತು ಅನ್ವರಿಗೆ ಮುಳ್ಳಿನಂತೆ ನಾಟಿತು. ಆದರೂ ಚಿತ್ರ ತೆಗೆದಳು. ಫಿಲ್ಮು ಹೈದರಾಬಾದಿಗೆ ಹೋಗಿ, ತೊಳೆಸಿಕೊಂಡು, ರಟ್ಟಿನ ಚೌಕಟ್ಟಿನೊಳಗೆ ಕೂತು ವಾಪಸು ಬಂತು. ಮೊನ್ನೆ ಶನಿವಾರ, ಕೆಳಗೆ ಟ್ಯೂಬ್‌ಲೈಟು ಉರಿಯುವ ಗಾಜಿನ ಮೇಜಿನ ಮೇಲೆ ಅವನ್ನು ಸಾಲಾಗಿ ಜೋಡಿಸಿ ಇನ್ನೇನು ನಂಬರು ಬರೆಯಬೇಕು, ಆಗ ಮಾನ್ವಿಯಿಂದ ಬಂದವರೊಬ್ಬರು ಮಗಳ ಮೈ ಕಾದಿದೆ ಎಂದು ಹೇಳಿದರು. ಅತ್ತೆಯ ಮಾತು ನಿಜವಾಯಿತೆಂದುಕೊಂಡಳು. “ಸಾಲಾಗಿ ಇಟ್ಟೀನಿ, ಹಿಂಗ ನಂಬರ ಹಾಕಿಬಿಡ್ರಿ,” ಎಂದು ಯಂಕೋಬನಿಗೆ ಹೇಳಿ ಬಸ್ ನಿಲ್ದಾಣಕ್ಕೆ ಓಡಿದಳು.

ಅವಳು ಸಾಲು ಹಚ್ಚಿದ್ದು ಬಲದಿಂದ ಎಡಕ್ಕೆ, ಉರ್ದು ಬರೆದಂತೆ. ಅದು ಅವಳಿಗೆ ಗೊತ್ತೂ ಇರಲಿಲ್ಲ, ಉಸಿರಾಡುವುದು ಯಾರಿಗೆ ಗೊತ್ತಿರುತ್ತದೆ? ಯಂಕೋಬ ನಂಬರು ಹಾಕಿದ್ದು ಎಡದಿಂದ. ಅವನಿಗೂ ಎರಡನೆಯ ಯೋಚನೆ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಬುರ್ಹಾನುದ್ದೀನನಿಗೆ ಅನ್ವರಿ ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿಯುತ್ತ ಕೇಳಿದ.

“ನೀ ಇಲ್ಲದ್ದೆಲ್ಲ ಮನಸಿಗೆ ಹಚ್ಚಿಕೋತೀ. ಮಗಳಿಗೆ ಜ್ವರ ಬಂದಾಗೂ ಹಿಂಗ ಮಾಡಿದಿ. ಈಗ ನೋಡು, ಕೋಳಿ ಹಿಂದ ಓಡಾಕತ್ಯಾಳ.”

“ಆ ಕೂಸಿಗೆ ಏನರೆ ಆದ್ರ?”

“ದೇವದುರ್ಗದಾಗ ದವಾಖಾನಿ ಇಲ್ಲೇನು? ನೀ ಫೋನ್ ಮಾಡಿ ತಪ್ಪಾಗ್ಯಾದ ಅಂದ್ರ ಊರಿಗೆಲ್ಲ ಗೊತ್ತಾಗ್ತದ. ಸರ್ಟಿಫಿಕೇಟ್ ಯಾರು ಕೊಡ್ತಾರ? ಉರ್ದು ಶಾಲಿ ಟೀಚರ್ ಉಲ್ಟಾ ತೋರಿಸಿ ಕೂಸು ಕೆಡಿಸಿದ್ಳು ಅಂತಾರ. ಮೊದಲು ಖಾತ್ರಿ ಮಾಡ್ಕೋ.”

ಅವನು ಕೆಟ್ಟವನಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸಿತು.

ಅವನು ಅಂಗಡಿಗೆ ಹೋದ ಮೇಲೆ ಅನ್ವರಿ ಡಬ್ಬಿ ತೆರೆದಳು. ಖಾತ್ರಿ ಮಾಡಿಕೊಳ್ಳುವುದಕ್ಕೆ ಮನೆಯಲ್ಲೇ ಒಬ್ಬರಿದ್ದರು. ಇಮಾಮ್ ಬೀ ಯಾವ ಭಾಷೆಯನ್ನೂ ಓದಿದವಳಲ್ಲ. ಚಿತ್ರ ತೆಗೆಯುವಾಗ ನೋಡಿದ್ದು ಮಸಿ ಹಚ್ಚುವುದನ್ನಷ್ಟೇ, ಆಮೇಲೆ ಸಿಟ್ಟಿನಿಂದ ಹಿತ್ತಲಿಗೆ ಹೋಗಿಬಿಟ್ಟಿದ್ದಳು. ಅನ್ವರಿ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಯಂಕೋಬ ಹಾಕಿದ ನಂಬರಿನಂತೆ ಸ್ಲೈಡುಗಳನ್ನು ಒಂದೊಂದಾಗಿ ಕೈಗಿಟ್ಟಳು. ಬೂದೆಪ್ಪ ಸರ್ ನಿಯಮದಂತೆ ಬಾಯಿ ತೆರೆಯಲಿಲ್ಲ.

ಇಮಾಮ್ ಬೀ ಒಂದು ಕಣ್ಣು ಮುಚ್ಚಿ ನೋಡಿದಳು. ಮೊದಲನೆಯದಕ್ಕೆ ನಕ್ಕಳು, ಮೊಮ್ಮಗಳ ನಗು ಅದು. ಚಮಚ ಬಂದಾಗ ನಗು ನಿಂತಿತು. ತಂಬಿಗೆಗೆ ಬಿಳಿ ಪುಡಿ ಬೀಳುವ ಚಿತ್ರವನ್ನು ಎರಡು ಸಲ ತಿರುಗಿಸಿ ನೋಡಿದಳು. ಕೊನೆಯದನ್ನು ನೋಡಿ ಸ್ಲೈಡನ್ನು ಸೊಸೆಯ ಮಡಿಲಿಗೆ ಹಾಕಿಬಿಟ್ಟಳು.

“ಇದನ್ನ ಯಾಕ ತೋರಿಸ್ತೀ ನನಗ?”

“ಏನು ತಿಳೀತು ಅಮ್ಮೀ?”

“ತಿಳಿಯೋದೇನದ? ನಗೋ ಕೂಸಿಗಿ ಯಾರೋ ಏನೋ ಪುಡಿ ಕಲಸಿ ಕುಡಿಸ್ಯಾರ. ಕೂಸು ಹೊಂಟದ. ಇಂಥಾದ್ದು ತೋರಿಸಾಕ ಕಾಲೇಜಿಗಿ ಹೋಗ್ತೀಯಾ?”

ಅನ್ವರಿ ಎದ್ದು ಬುರ್ಖಾ ಹಾಕಿಕೊಂಡಳು. “ಮುನವ್ವರಳನ್ನ ನೋಡ್ಕೋರಿ. ಪೋಸ್ಟಿಗೆ ಹೋಗಿ ಬರ್ತೀನಿ.” ಹುಟ್ಟಿದಾಗಿನಿಂದ ಮಗಳನ್ನು ಇಷ್ಟು ಕಡಿಮೆ ಮಾತಿನಲ್ಲಿ ಬಿಟ್ಟುಹೋದದ್ದು ಅವಳಿಗೆ ನೆನಪಿರಲಿಲ್ಲ.

ಅಂಚೆ ಕಚೇರಿಯಲ್ಲಿ ದೇವದುರ್ಗದ ದವಾಖಾನೆಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕುಳಿತಳು. ಕುಳಿತಷ್ಟು ಹೊತ್ತೂ ಎದ್ದುಹೋಗುವ ದಾರಿ ತೆರೆದೇ ಇತ್ತು. ಎರಡು ಸಲ ಎದ್ದಳು ಕೂಡ. ಎರಡನೆಯ ಸಲ ಬಾಗಿಲ ತನಕ ಹೋಗಿದ್ದಾಗ ಗುಮಾಸ್ತ ಕರೆದ. “ದೇವದುರ್ಗ ಬಂತ್ರೀ, ಬರ್ರಿ.”

ಆಚೆ ಕಡೆ ಒಬ್ಬ ಹೆಂಗಸು. “ಸಿಸ್ಟರ್ ಹಣಮಮ್ಮ ಮಾತಾಡಾಕತ್ತೀನಿ. ಯಾರ್ರೀ?”

ಅನ್ವರಿ ಹೆಸರು ಹೇಳಿದಳು, ಊರು ಹೇಳಿದಳು. ನಿನ್ನೆ ತೋರಿಸಿದ ಚಿತ್ರಗಳು ಹಿಂದುಮುಂದಾಗಿವೆ ಎಂದಳು. ಗದ್ದೆಮ್ಮ ಎಂಬ ಹೆಸರು ಬಂದ ಕೂಡಲೇ ಹಣಮಮ್ಮ ತಡೆದಳು.

“ಅಯ್ಯ, ಅದಕ್ಕೇನು ಗದ್ದೆಮ್ಮ ಹಿಂಗ ಮಾಡಿದ್ದು? ಆಕಿ ಇಲ್ಲೇ ವರಾಂಡದಾಗ ಕುಂತಾಳ್ರಿ. ನಿನ್ನೆ ನಾನ ಕಲಸಿಕೊಟ್ಟ ನೀರು ಚೆಲ್ಲಿ ಬಂದಾಳ. ಸಲೈನ್ ಹಚ್ಚಾಕ ಕೂಸಿನ ನರ ಸಿಗವಲ್ದು, ಬಾಯಿಲೇ ಕೊಡಬೇಕು. ಆಕಿ ಮುಂಜಾನಿಯಿಂದ ಕೂಸಿನ ಬಾಯಿಗಿ ಕೈ ಅಡ್ಡ ಹಿಡಕೊಂಡಾಳ. ಡಾಕ್ಟರ್ ಹೇಳಿದ್ರೂ ಕೇಳವಲ್ಲಳು. ನಮಗ ಬುಡ ತಿಳೀಲಿಲ್ಲ. ಫೋನ್ ಇಡಬ್ಯಾಡ್ರಿ, ಕರೀತೀನಿ. ನೀವ ಹೇಳ್ರಿ.”

ಕಾಲ ಸಪ್ಪಳ, ಏನೋ ಎಳೆದ ಸದ್ದು. ಆಮೇಲೆ ತೀರ ಹತ್ತಿರದಲ್ಲಿ ಒಂದು ಉಸಿರು.

“ಯಾರವ್ವಾ ನೀನು?”

“ಆ ಚಿತ್ರ ತೆಗದಾಕಿ.”

“ನೋಡೀನವಾ. ಕೂಸು ಹೋಗಿದ್ದು ಕಣ್ಣಾರೆ ನೋಡೀನಿ.”

“ಹೋಗಿಲ್ಲ. ಅದು ನನ್ನ ಮಗಳು. ಮನ್ಯಾಗ ಅದಾಳ. ಕಣ್ಣ ಕೆಳಗ ಹಚ್ಚಿದ್ದು ಮಸಿ.”

“ಈ ನೀರು ಕುಡಿಸಾಕ ನೀವೆಲ್ಲ ಒಂದಾಗೀರಿ.” ಗದ್ದೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನಗೋ ಕೂಸು ಮೊದಲು ಬಂತು. ನೀರು ಆಮ್ಯಾಲೆ ಬಂತು.”

“ಕಡಿಯಿಂದ ಮೊದಲಿಗಿ ತೋರಿಸ್ಯಾರ ಯವ್ವಾ. ನಂಬರ ನಾ ಹಾಕಬೇಕಿತ್ತು. ನಾ ಅಲ್ಲಿ ಇರಲಿಲ್ಲ. ತಪ್ಪು ನಂದು.”

“ಯಾಕಿರಲಿಲ್ಲ?”

“ಮಗಳಿಗೆ ಜ್ವರ ಬಂದಿತ್ತು. ಬಿಟ್ಟು ಓಡಿ ಬಂದೆ.”

ತಂತಿಯ ಗುಂಯ್‌ಗುಟ್ಟುವಿಕೆಯ ನಡುವೆ ಒಂದು ಕೂಸಿನ ನರಳು, ಬೆಕ್ಕಿನ ಮರಿಯ ದನಿಯಷ್ಟು ಸಣ್ಣದು, ಕೇಳಿ ನಿಂತಿತು.

“ಈಗ ಹೆಂಗದಾಳ?” ಎಂದಳು ಗದ್ದೆಮ್ಮ.

“ಜ್ವರ ಇಳದದ. ಆಡಾಕತ್ಯಾಳ.”

“ಮತ್ತ ಹೇಳು. ಮೊದಲ್ನೇ ಚಿತ್ರ ಯಾವುದು?”

ಅನ್ವರಿ ಹೇಳತೊಡಗಿದಳು. ಕೂಸಿಗೆ ಬ್ಯಾನಿ ಆಗ್ಯಾದ, ಕಣ್ಣು ಒಳಗ ಹೋಗ್ಯಾವ, ನಿನ್ನ ಕೂಸಿನಂಗ. ತಾಯಿ ನೀರು ಕುದಿಸಿ ಆರಿಸ್ಯಾಳ. ಚಿಟಿಕಿ ಉಪ್ಪು ಹಾಕ್ಯಾಳ, ಒಂದು ಹಿಡಿ ಸಕ್ರಿ ಹಾಕ್ಯಾಳ. ನಡುವೆ ತಂತಿಯಲ್ಲಿ ಆಪರೇಟರ್ ಬಂದು ಹೊತ್ತಾಯಿತು, ಮುಂದುವರಿಸಬೇಕೇ ಎಂದ. “ಬಿಡಬ್ಯಾಡ್ರಿ, ಬಿಡಬ್ಯಾಡ್ರಿ,” ಎಂದಳು ಅನ್ವರಿ. ಅಂಚೆ ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ನಾಳೆ ಇದು ಬಜಾರಿಗೂ ಶಾಲೆಗೂ ತಲುಪುತ್ತದೆ. ಅವಳು ಗೋಡೆಯ ಕಡೆ ಮುಖ ಮಾಡಿದಳು. ತಾಯಿ ಚಮಚದಾಗ ಕೊಡಾಕತ್ಯಾಳ, ಒಮ್ಮೆಲೇ ಅಲ್ಲ, ಗುಟುಕು ಗುಟುಕು. ವಾಂತಿ ಮಾಡಿದ್ರ ತಡದು ಮತ್ತ ಕೊಡಾಕತ್ಯಾಳ. ಕೂಸು ಎದ್ದು ಕುಂತದ. ಆಮ್ಯಾಲೆ ನಕ್ಕದ.

“ನೀರು ಮೊದಲು, ನಗು ಆಮ್ಯಾಲೆ,” ಎಂದಳು ಗದ್ದೆಮ್ಮ.

“ಹೌದವಾ.”

ದನಿ ರಿಸೀವರಿನಿಂದ ದೂರವಾಯಿತು. “ಸಿಸ್ಟರವ್ವಾ, ಆ ನೀರು ತಾ. ಮೊದಲು ನೀ ಕುಡಿ, ನಾ ನೋಡ್ತೀನಿ.”

“ನನಗೇನಾಗ್ಯಾದಬೇ, ನಾ ಯಾಕ ಕುಡೀಲಿ?” ಎಂಬ ಹಣಮಮ್ಮನ ಮಾತು ಕೇಳಿತು. ಆಮೇಲೆ ಬಟ್ಟಲನ್ನು ಕೆಳಗಿಟ್ಟ ಸದ್ದು.

“ಕುಡದೆ. ಈಗ ಕೈ ತೆಗಿ.”

ಅನ್ವರಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ಬಟ್ಟಲಿಗೆ ಚಮಚ ತಾಗಿತು. “ಹಗೂರಕ, ಹಗೂರಕ,” ಎಂದಿತು ಹಣಮಮ್ಮನ ದನಿ. ಮತ್ತೆ ಚಮಚ ತಾಗಿತು. ಗುಮಾಸ್ತ ಕೈ ಮಾಡಿ, ಮುಗೀತೇನ್ರಿ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.