ನಲವತ್ತೆಂಟನ್ನು ಮೂವತ್ತೈದು ಮಾಡಿದ ಗ್ರೀಸಿಂಗರ್

ಓಟ್ಮಾರ್ ಗ್ರೀಸಿಂಗರ್ ನಮ್ಮ ವಿಮಾನ ನೆಲೆಗೆ ಬಂದಾಗ ಅವರಿಗೆ ನಲವತ್ತೊಂಬತ್ತು ವರ್ಷ. ಯುದ್ಧಕ್ಕೆ ಮೊದಲು ಅವರು ಜರ್ಮನಿಯ ಶ್ವಾಬೆನ್ ಸೀಮೆಯಲ್ಲಿ ಆಲಿಕಲ್ಲು ಬಿದ್ದ ದ್ರಾಕ್ಷಿ ತೋಟಗಳನ್ನು ನೋಡಿ, ಬೆಳೆ ಎಷ್ಟು ಪಾಲು ಹಾಳಾಗಿದೆ ಎಂದು ಅಂದಾಜು ಹೇಳುತ್ತಿದ್ದವರು. ಅದಕ್ಕೋ ಏನೋ, ಹಾನಿಗೊಂಡ ವಿಮಾನಗಳ ವರದಿ ಬರೆಯುವ ಮೇಜಿಗೆ ಅವರನ್ನು ತಂದು ಕೂರಿಸಿದರು. ಎದುರು ಮೇಜಿನಲ್ಲಿ ಟೈಪ್ ಮಾಡುತ್ತಿದ್ದವಳು ನಾನು, ಇರ್ಮ್‌ಗಾರ್ಡ್. ಆಗ ನನಗೆ ಇಪ್ಪತ್ತೆರಡು.

ಗುಂಡು ತಗುಲಿಯೋ, ಇಳಿಯುವಾಗ ಚಕ್ರ ಮುರಿದೋ ವಿಮಾನವೊಂದು ನಿಂತಿತೆಂದರೆ ಗ್ರೀಸಿಂಗರ್ ಟಾರ್ಚು, ಮೊಂಡು ಪೆನ್ಸಿಲು ಹಿಡಿದು ಅದರ ಹೊಟ್ಟೆಯ ಕೆಳಗೆ ತೂರಿಕೊಳ್ಳುತ್ತಿದ್ದರು. ಹೊರಬಂದಾಗ ಅವರ ಕೈಯಲ್ಲಿ ಒಂದು ಸಂಖ್ಯೆ ಇರುತ್ತಿತ್ತು: ನೂರಕ್ಕೆ ಎಷ್ಟು ಹಾಳು. ಸಂಖ್ಯೆ ಚಿಕ್ಕದಾದರೆ ನಮ್ಮ ಷೆಡ್ಡಿನಲ್ಲೇ ದುರಸ್ತಿ. ನಲವತ್ತೈದು ಮುಟ್ಟಿದರೆ ರೈಲಿನಲ್ಲಿ ದೊಡ್ಡ ಕಾರ್ಖಾನೆಗೆ. ಅರವತ್ತು ಮುಟ್ಟಿದರೆ ಆ ವಿಮಾನದ ಕಥೆ ಮುಗಿಯಿತು, ಬಿಡಿಭಾಗ ಕಳಚಿಕೊಂಡು ಪಟ್ಟಿಯಿಂದ ತೆಗೆದುಹಾಕುವುದು.

ಪೈಲಟ್‌ಗಳಿಗೆ ಇದೊಂದು ತಮಾಷೆ. ವೆಂಡೆಲಿನ್ ಥೀಸ್ ಎಂಬ ಹುಡುಗನಂತೂ ದಿನಾ ಬಾಗಿಲಲ್ಲಿ ತಲೆ ಹಾಕುತ್ತಿದ್ದ.

"ಗ್ರೀಸಿಂಗರ್ ಮಾವ, ರಾತ್ರಿ ಬಿಯರ್ ಜಾಸ್ತಿ ಆಯ್ತು. ನನಗೆಷ್ಟು ಹಾಕ್ತೀರಿ?"

"ನಿನಗಾ? ತೊಂಬತ್ತು. ಬಿಡಿಭಾಗಕ್ಕೂ ಬರಲ್ಲ ನೀನು, ನಡಿ ಆಚೆ."

ಸಾವಿರದ ಒಂಬೈನೂರ ನಲವತ್ತನಾಲ್ಕರ ಏಪ್ರಿಲ್‌ನಲ್ಲಿ ಈ ವೆಂಡೆಲಿನ್‌ನ ವಿಮಾನ ಚಕ್ರ ಬಿಚ್ಚದೆ ಹೊಟ್ಟೆಯ ಮೇಲೆ ಇಳಿಯಿತು. ಅವನಿಗೆ ತರಚುಗಾಯವೂ ಆಗಲಿಲ್ಲ. ಗ್ರೀಸಿಂಗರ್ ಎರಡು ಗಂಟೆ ತಡಕಾಡಿ ನೋಡಿ ನಲವತ್ತೆಂಟು ಎಂದು ಬರೆದರು. ಮಧ್ಯಾಹ್ನ ನಮ್ಮ ತುಕಡಿಯ ನಾಯಕ ಕ್ಯಾಪ್ಟನ್ ರೋಡೆವಾಲ್ಡ್ ಒಳಗೆ ಬಂದ. ತುಕಡಿಯ ಹದಿನೆಂಟು ವಿಮಾನಗಳಲ್ಲಿ ಹಾರುವ ಸ್ಥಿತಿಯಲ್ಲಿದ್ದದ್ದು ಆರೇ. ಮೇಲಿನಿಂದ ಪ್ರತಿದಿನ ಫೋನು.

"ಕಾರ್ಖಾನೆಗೆ ಹೋದ ವಿಮಾನ ವಾಪಸ್ ಬಂದಿದ್ದನ್ನ ನೀವು ನೋಡಿದ್ದೀರೇನ್ರೀ?"

"ಈ ವರ್ಷ ಇಲ್ಲ ಸಾರ್."

"ಮತ್ತೆ? ಮೂವತ್ತೈದು ಬರೀರಿ. ಇಲ್ಲೇ ರಿಪೇರಿ ಮಾಡಿಸೋಣ."

"ಬಾಲ ಸೇರೋ ಜಾಗ ತಿರುಚಿಕೊಂಡಿದೆ ಸಾರ್. ಇಲ್ಲಿ ತಟ್ಟಿ ಸರಿ ಮಾಡೋಕಾಗಲ್ಲ."

"ಕಣ್ಣಂದಾಜು ತಾನೇ ನಿಮ್ಮದು? ಹತ್ತು ಹದಿನೈದು ಹೆಚ್ಚುಕಮ್ಮಿ ಆಗತ್ತೆ."

ಗ್ರೀಸಿಂಗರ್ ಬರೆದ ಸಂಖ್ಯೆಯನ್ನು ರಬ್ಬರಿನಿಂದ ಅಳಿಸಿದರು. ಕಾಗದ ಸ್ವಲ್ಪ ಹರಿಯಿತು. ನಾನು ಮೂವತ್ತೈದು ಎಂದು ಟೈಪ್ ಮಾಡಿದೆ.

ಹನ್ನೊಂದು ದಿನಗಳ ನಂತರ, ಬಿಸಿಲು ಕಾಯುತ್ತಿದ್ದ ಬೆಳಿಗ್ಗೆ, ರಿಪೇರಿಯಾದ ಅದೇ ವಿಮಾನವನ್ನು ವೆಂಡೆಲಿನ್ ಮೇಲೇರಿಸಿದ. ಶತ್ರುಗಳ ಸುಳಿವೇ ಇರಲಿಲ್ಲ. ಎಡಕ್ಕೆ ತಿರುಗಿಸುವಾಗ ಬಾಲ ಕಿತ್ತುಹೋಯಿತು. ಷೆಡ್ಡಿನ ಮುಂದೆ ನಿಂತಿದ್ದ ಮೆಕ್ಯಾನಿಕ್‌ಗಳೆಲ್ಲ ನೋಡಿದರು. ವಿಮಾನ ಬೀಟ್‌ರೂಟ್ ಹೊಲಕ್ಕೆ ಬಿತ್ತು. ಪ್ಯಾರಾಚೂಟ್ ಬಿಚ್ಚಲೇ ಇಲ್ಲ.

ಆ ವರದಿಯಲ್ಲಿ ಹಾನಿ ನೂರಕ್ಕೆ ನೂರು. ಉಳಿದದ್ದು ಕಾರಣ ಬರೆಯುವ ಜಾಗ. ಕ್ಯಾಪ್ಟನ್ ಕಿಟಕಿಯ ಕಡೆ ಮುಖ ಮಾಡಿ, "ಚಾಲಕನ ತಪ್ಪು. ಮಿತಿಮೀರಿದ ತಿರುವು," ಎಂದ. ಗ್ರೀಸಿಂಗರ್ ನನ್ನ ಕಡೆ ನೋಡಿದರು. ನಾನು ಟೈಪ್‌ರೈಟರಿನ ಕಡೆ ತಿರುಗಿ ಅದನ್ನೇ ಟೈಪ್ ಮಾಡಿದೆ. ವೆಂಡೆಲಿನ್‌ನ ಮನೆಯವರಿಗೆ ಬರೆದ ಪತ್ರದಲ್ಲೂ ಅದೇ ಮಾತು ಹೋಯಿತು.

ಅಂದಿನಿಂದ ಗ್ರೀಸಿಂಗರ್ ಕೈಗೆ ಏನಾಯಿತೋ. ಬಂದ ವಿಮಾನಕ್ಕೆಲ್ಲ ಅರವತ್ತು ಬರೆಯತೊಡಗಿದರು. ರೆಕ್ಕೆಯಲ್ಲಿ ಮೂರು ತೂತು, ಅರವತ್ತು. ಗಾಜು ಒಡೆದಿದೆ, ಅರವತ್ತು. "ಏನ್ರೀ ಇದು, ನಮಗೆ ಹಾರೋಕೆ ಪೊರಕೆ ಕೊಡ್ತೀರಾ?" ಎಂದು ಪೈಲಟ್‌ಗಳು ರೇಗಿಸಿದರೆ ಅವರು ಮುಂದಿನ ವಿಮಾನದ ಕೆಳಗೆ ತೂರಿಕೊಳ್ಳುತ್ತಿದ್ದರು. ಮೂರನೆಯ ವಾರ ತಪಾಸಣೆಯವರು ಬಂದರು. ಆ ವಿಮಾನಗಳು ಚೆನ್ನಾಗಿಯೇ ಇದ್ದವು. ಗ್ರೀಸಿಂಗರ್ ಅವರನ್ನು ಕಾಲಾಳು ಪಡೆಗೆ ಸೇರಿಸಿ ರಷ್ಯನ್ನರ ಎದುರಿನ ಪೂರ್ವ ರಣರಂಗಕ್ಕೆ ಕಳಿಸಿದರು.

ಅವರು ರಷ್ಯಾದ ಸೆರೆಯಿಂದ ಬಿಡುಗಡೆಯಾದದ್ದು ನಲವತ್ತೆಂಟರಲ್ಲಿ. ಒಂದು ದಿನ ನನ್ನ ವಿಳಾಸ ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು, "ಥೀಸ್ ಅವರ ಮನೆಗೆ ಹೋಗ್ತಿದ್ದೀನಿ ಮಗೂ. ಒಬ್ಬನಿಗೇ ಧೈರ್ಯ ಸಾಲದು," ಎಂದರು.

ಇಬ್ಬರೂ ಹೋದದ್ದು ಮ್ಯೂನ್‌ಸ್ಟರ್ ಪಟ್ಟಣದ ಬಳಿಯ ಒಂದು ಹಳ್ಳಿಗೆ. ಬಾಗಿಲು ತೆರೆದವಳು ವೆಂಡೆಲಿನ್‌ನ ಅಕ್ಕ ಮೆಖ್ಟಿಲ್ಡ್. ಕೈಯಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುವ ಚಾಕು. ಗ್ರೀಸಿಂಗರ್ ಕೂರದೆ ಎಲ್ಲವನ್ನೂ ಹೇಳಿದರು.

ಅವಳು ಚಾಕುವನ್ನು ಮೇಜಿನ ಮೇಲಿಟ್ಟಳು. "ಅಪ್ಪ ಅವನ ಫೋಟೋ ಗೋಡೆಯಿಂದ ತೆಗೆಸಿಬಿಟ್ಟಿದ್ರು," ಎಂದಳು. "ಹುಡುಗಾಟಕ್ಕೆ ವಿಮಾನನೂ ಕಳೆದ, ಜೀವನೂ ಕಳೆದ ಅಂತ. ಹೋದ ವರ್ಷ ತೀರಿಕೊಂಡ್ರು. ಕೊನೇವರೆಗೂ ಅವನ ಹೆಸರೆತ್ತೋಕೆ ಬಿಡಲಿಲ್ಲ. ಒಂದು ವರ್ಷ ಮುಂಚೆ ಬರೋಕೇನಾಗಿತ್ತು ನಿಮಗೆ?"

ಸೆರೆಯಲ್ಲಿದ್ದೆ ಎಂದು ಅವರು ಹೇಳಬಹುದಿತ್ತು.

ಅವಳು ಕಾಗದ, ಪೆನ್ನು ತಂದು ಮೇಜಿನ ಮೇಲಿಟ್ಟಳು. "ಈಗ ಹೇಳಿದ್ದನ್ನ ಬರೀರಿ."

ಅವರು ಬರೆದರು. ಓದಿ ನೋಡಿ ಅವಳು ಕಾಗದವನ್ನು ವಾಪಸ್ ತಳ್ಳಿದಳು. "'ಸಂಖ್ಯೆಯನ್ನು ಬದಲಿಸಲಾಯಿತು' ಅಂತ ಬರೆದಿದ್ದೀರಲ್ಲ, ಯಾರು ಬದಲಿಸಿದ್ದು? ಅದನ್ನ ಬರೀರಿ."

ಎರಡನೆಯ ಕಾಗದದಲ್ಲಿ ಅವರು ರೋಡೆವಾಲ್ಡ್‌ನ ಹೆಸರು ಬರೆದರು, ಅದರ ಕೆಳಗೆ ತಮ್ಮದು. ಟೈಪ್ ಮಾಡಿದವಳು ನಾನು ಎಂದು ಹೇಳಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪೆನ್ನನ್ನು ಮಾತ್ರ ಮೇಜಿನ ಮೇಲೆ ನನ್ನತ್ತ ಉರುಳಿಸಿದಳು.