ಹೊಲ ದಾಟಿದ ಹುಣಸೆಮರ

ಚಳ್ಳಕೆರೆಯಲ್ಲಿ ಕೊರೆಯುವವರಿಗೆ ಬರವಿಲ್ಲ. ನೆಲ ಕೊರೆದು ನೀರು ಹುಡುಕುವವರಿದ್ದಾರೆ. ಮೈಕು ಸಿಕ್ಕರೆ ಜನರನ್ನೇ ಕೊರೆಯುವವರೂ ಇದ್ದಾರೆ. ತಗಡು ಕೊರೆಯಲು ಹೊರಟವನು ಮಾತ್ರ ಬೋರ್ಡ್ ಬರೆಯುವ ಸೂರಪ್ಪ ಒಬ್ಬನೇ.

ಸತುವಿನ ತಗಡಿಗೆ ಮೇಣ ಸವರಿ, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಅದ್ದಿ, ಕೊರೆದ ಗೆರೆಗೆ ಮಸಿ ತುಂಬಿ ಚಿತ್ರ ಅಚ್ಚೊತ್ತುವುದನ್ನು ಅವನು ಫೋನಿನಲ್ಲಿ ನೋಡಿದ್ದ. ಅಚ್ಚಿನ ಹುಚ್ಚು ಹಿಡಿಯಿತು. ಆಸಿಡ್ ಅಕ್ಕಸಾಲಿಗರಿಂದ ಬಂತು. ಒತ್ತುವ ಯಂತ್ರವಿರಲಿಲ್ಲ, ಹೆಂಡತಿ ಯರ್ರಮ್ಮನ ಕಬ್ಬಿನ ಹಾಲಿನ ಗಾಡಿಯಿತ್ತು. ತಗಡು, ಒದ್ದೆ ಕಾಗದ, ಅದರ ಮೇಲೆ ಹಳೇ ಕಂಬಳಿ ಇಟ್ಟು ರೋಲರುಗಳ ನಡುವೆ ತಿರುಗಿಸಿದ. ಮೊದಲ ಅಚ್ಚನ್ನು ಮೆಚ್ಚಿದವು ಇರುವೆಗಳು.

ಅಷ್ಟರಲ್ಲಿ ಎಣ್ಣೆ ಮಿಲ್ಲಿನ ಏಕಾಂತಪ್ಪನವರು ಹೊಸ ಆಫೀಸಿನ ಗೋಡೆಗೆ ತಳಕು ಊರಿನ ತಮ್ಮ ಹೊಲದ ಚಿತ್ರ ಬೇಕೆಂದರು. ಮಿಲ್ಲಿನ ಬೋರ್ಡು, ಲಾರಿಗಳ ಹೆಸರು ಎಲ್ಲ ಸೂರಪ್ಪನ ಕೈಯವೇ. ಅವನ ಮನೆಯ ದೀಪ ಅರ್ಧ ಉರಿಯುತ್ತಿದ್ದುದು ಆ ಎಣ್ಣೆಯಲ್ಲೇ. ಅವನು ಬದುವಿನ ಮೇಲೆ ಕೂತು, ಗುಡ್ಡ, ಬೇಲಿ, ಹುಣಸೆಮರ ಕಂಡದ್ದನ್ನು ಕಂಡಂತೆ ತಗಡಿಗೆ ಇಳಿಸಿದ. ರೋಲರು ತೊಳೆದು ಒತ್ತಿದ. ಚಿತ್ರ ಚೊಕ್ಕವಾಗಿ ಬಂತು, ಕನ್ನಡಿಯಲ್ಲಿ ಬಂದಂತೆ ಎಡಬಲವಾಗಿ.

ಏಕಾಂತಪ್ಪನವರ ಮುಖ ಕಪ್ಪಿಟ್ಟಿತು. ಬೇಲಿಯ ಎಡಕ್ಕಿದ್ದ ಅವರ ಮರ ಚಿತ್ರದಲ್ಲಿ ಬಲಕ್ಕೆ, ದಾಯಾದಿ ಸಂಗಮೇಶನ ಪಾಲಿಗೆ ಸರಿದಿತ್ತು.

"ಲೇ ಸೂರ, ಕೋರ್ಟು ನನಗೆ ಕೊಟ್ಟ ಮರ ಇದು. ಅವನ ಹೊಲಕ್ಕೆ ಹೆಂಗೆ ಹೋಯ್ತು?"

"ಅಚ್ಚಿನಾಗೆ ಎಡ ಬಲ ಆಗ್ತೈತೆ ಸಾವ್ಕಾರ್ರೆ. ಹೊಲದಾಗೆ ಮರ ಇದ್ದಲ್ಲೇ ಐತೆ."

"ಕೆರೆದು ಈ ಕಡೆ ಹಾಕು. ಇಲ್ಲಾಂದ್ರೆ ಮಿಲ್ಲಿನ ಕಡೆ ತಲೆ ಹಾಕಬ್ಯಾಡ."

ಬೇರೆಯವರು ಹೇಳಿದ್ದನ್ನು ಹೇಳಿದ ಬಣ್ಣದಲ್ಲೇ ಬರೆದು ಸವೆದ ಕೈ ಸೂರಪ್ಪನದು. ಆ ಮರದ ತೊಗಟೆ ಮಾತ್ರ ಯಾರೂ ಹೇಳದೆ ಬಂದಿತ್ತು.

"ಮಿಲ್ಲಿನ ಬೋರ್ಡು ಬೇಕಾದ್ರೆ ಇವತ್ತೇ ಅಳಿಸ್ತೀನ್ರಿ. ಈ ಮರ ಕೆರೆಯಲ್ಲ."

ಸುದ್ದಿ ತಿಳಿದ ಸಂಗಮೇಶ ಪೇಡೆಯ ಡಬ್ಬಿ ಹಿಡಿದು ಚಿತ್ರ ಕೇಳಲು ಬಂದ. ಮರ ನಿಮ್ಮ ಹೊಲದಲ್ಲೂ ಇಲ್ಲ, ನನ್ನ ತಗಡಿನಲ್ಲಿದೆ ಎಂದು ಸೂರಪ್ಪ ಅವನನ್ನೂ ಸಾಗಹಾಕಿದ. ಪೇಡೆ ಇರುವೆಗಳಿಗೂ ಸಿಗಲಿಲ್ಲ.

ಮಿಲ್ಲಿನ ಕೆಲಸ ನಿಂತಿತು. ಯರ್ರಮ್ಮ ಬೈಯಬಹುದೆಂದು ಅವನು ಕಾದ. ಆಕೆ, "ಗಾಡಿ ನಂದೈತೆ, ಒತ್ತು. ರೋಲರ್ ಮಾತ್ರ ತೊಳೆದಿಡು," ಎಂದಳು.

ಮರುದಿನ ಸೂರಪ್ಪ ತನ್ನ ಅಂಗಡಿಯ ಬೋರ್ಡನ್ನೇ ಅಳಿಸಿ, ಹೆಸರನ್ನು ಅಚ್ಚಿನಂತೆ ಎಡಬಲ ತಿರುಗಿಸಿ ಬರೆದ. ನಿಂತು ಓದಿದವರು ನಕ್ಕರು. ದಾಟಿ ಹೋದ ಆಟೋದವರಿಗೆ ಮಾತ್ರ ಪಕ್ಕದ ಕನ್ನಡಿಯಲ್ಲಿ ಅದು ನೆಟ್ಟಗೆ ಕಂಡಿತು: ಸೂರಪ್ಪ, ಅಚ್ಚಿನ ಚಿತ್ರಗಾರ.

ಏಕಾಂತಪ್ಪನವರು ಮಿಲ್ಲಿಗೆ ಹೋಗುವುದು ಅದೇ ರಸ್ತೆಯಲ್ಲಿ. ಅವರ ಕಾರಿಗೂ ಕನ್ನಡಿಯಿದೆ.