ಕುಂಬಾರ ದ್ಯಾಮಪ್ಪನ ಮೌನ

ರಾಜೂರಿನ ಕುಂಬಾರ ದ್ಯಾಮಪ್ಪ ಮಾತಿನ ಮನುಷ್ಯನಲ್ಲ. ತಿಗರಿಯ ಮುಂದೆ ಕೂತರೆ ಮುಗಿಯಿತು, ಹೆಂಡತಿ ಉಣ್ಣಲು ಕರೆದರೂ ಉತ್ತರವಿಲ್ಲ. ಆದರೆ ಊರಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಮೌನದಿಂದಲೇ ಬಂದದ್ದು. ನಗಬೇಡಿ, ಹೇಳುತ್ತೇನೆ.

ಓಣಿಗೊಬ್ಬ ಹಿರಿಯ ಬಂದು ಚಾವಡಿಯಲ್ಲಿ ಕೂಡುವ ಸಭೆಗೆ ಆ ಊರಲ್ಲಿ ದೈವ ಎನ್ನುತ್ತಿದ್ದರು. ಗೌಡ ಒಂದು ಮಾತು ಮುಂದಿಟ್ಟು ಒಂದೊಂದೇ ಓಣಿಯ ಹೆಸರು ಹಿಡಿದು ಕೇಳಬೇಕು. ಒಪ್ಪಿದವನು ಹೂಂ ಎನ್ನುತ್ತಾನೆ, ಒಪ್ಪದವನು ಸುಮ್ಮನಿರುತ್ತಾನೆ. ಎಲ್ಲರೆದುರು ಗೌಡನಿಗೆ ಒಲ್ಲೆ ಎಂದು ಮುಖ ಮುರಿಯಬಾರದಲ್ಲ, ಅದಕ್ಕೇ ಈ ದಾರಿ. ಒಂದು ಓಣಿ ಸುಮ್ಮನಾದರೂ ಮಾತು ಮುಂದಿನ ಅಮಾವಾಸ್ಯೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಗೌಡನೇ ಮನೆ ಬಾಗಿಲಿಗೆ ಬಂದು ಮನಸ್ಸು ಒಲಿಸಿಕೊಳ್ಳಬೇಕು. ಹಳೆಯ ಗೌಡ ಊರ ದನ ಮೇಯುವ ಜಾಗವನ್ನು ಅಳಿಯನಿಗೆ ಕೊಡಲು ಹೊರಟಾಗ ಕುಂಬಾರ ಓಣಿಯ ಹಿರಿಯ ದ್ಯಾಮಪ್ಪ ನೆಲ ನೋಡುತ್ತ ಕೂತೇ ಅದನ್ನು ನಿಲ್ಲಿಸಿದ್ದ.

ನರಗುಂದದ ದಂಗೆ ಅಡಗಿದ ವರ್ಷ ಹಳೆಯ ಗೌಡ ತೀರಿಕೊಂಡು ಮಗ ಗುರುಸಂಗಪ್ಪ ಗೌಡನಾದ. ಚುರುಕಿನ ಆಳು, ಮಾತಂತೂ ಬೆಣ್ಣೆ. ಹೂಳು ತುಂಬಿದ ಊರ ಬಾವಿ ತೋಡಿಸೋಣ ಎಂದು ಮೊದಲ ದೈವ ಕೂಡಿಸಿದ. ಯಾರಿಗೆ ಬೇಡ? ಅಂಗಡಿ ಓಣಿಯ ಪರಶಪ್ಪ ಮಾತ್ರ, ತನ್ನ ಹಿತ್ತಲ ಬಾವಿಗೆ ಜನ ಕೈಮುಗಿದು ಬರುವುದು ತಪ್ಪುತ್ತದೆಂದು, ತುಟಿ ಬಿಗಿದು ಕೂತ.

“ನರಗುಂದದಾಗ ಏನಾತು ನೋಡೀರಿ,” ಎಂದ ಗೌಡ. “ಕುಂಪಣಿಯವರ ಕಣ್ಣು ನಮ್ಮ ಮ್ಯಾಲ ಐತಿ. ಊರಾಗ ಒಗ್ಗಟ್ಟಿಲ್ಲ ಅನ್ನೋ ಸುದ್ದಿ ಹೊರಗ ಹೋಗಬಾರದು. ಇನ್ನ ಮ್ಯಾಲ ಸುಮ್ಮನಿದ್ದವರು ಒಪ್ಪಿದಾಂಗ ಅಂತ ಹಿಡಿಯೂಣು. ಏನಂತೀರಿ?”

ಎಲ್ಲರಿಗಿಂತ ಮೊದಲು ಹೂಂ ಎಂದವನು ದ್ಯಾಮಪ್ಪ. ಉಳಿದವರೂ ಹೂಂ ಎಂದರು, ಪರಶಪ್ಪನ ಮೌನವನ್ನು ಅಲ್ಲೇ ಒಪ್ಪಿಗೆಯೆಂದು ಹಿಡಿದರು. ಪರಶಪ್ಪನ ಮೋರೆ ನೆನೆದು ಮನೆಯವರೆಗೂ ನಕ್ಕ. ಆ ಜಿಗುಟನಿಗೆ ಹಾಗೇ ಆಗಬೇಕಿತ್ತು, ಬಿಡಿ. ಬಾವಿಯ ನೀರೂ ಸಿಹಿಯಾಗಿತ್ತು.

ಮರುವರ್ಷದ ಬೇಸಿಗೆಯಲ್ಲಿ ಕೆರೆ ಬತ್ತಿತು. ಅದರ ತಳದ ಮಣ್ಣೇ ಕುಂಬಾರರ ಅನ್ನ. ಸುತ್ತಲಿನ ಎರೆಮಣ್ಣಿನಲ್ಲಿ ಮಾಡಿದ ಗಡಿಗೆ ಒಣಗುವಾಗಲೇ ಬಿರಿಯುತ್ತದೆ. ಗೌಡ ದೈವ ಕೂಡಿಸಿ, ಕೆರೆಯಂಗಳವನ್ನು ಇನ್ನು ತಾನು ಉತ್ತು ಬಿತ್ತುತ್ತೇನೆ, ಅಲ್ಲಿ ಯಾರೂ ಗುದ್ದಲಿ ಹಾಕಬಾರದು ಎಂದ. ಕುಂಬಾರ ಓಣಿಯ ಹೆಸರು ಹಿಡಿದ.

ದ್ಯಾಮಪ್ಪ ಎಂದಿನಂತೆ ನೆಲ ನೋಡಿದ. ಬಾವಿಯ ದಿನದ ಮಾತು ಪರಶಪ್ಪನಂಥ ಮೊಂಡರಿಗೆ, ತನ್ನಂಥವನಿಗಲ್ಲ ಎಂದು ಅವನ ನಂಬಿಕೆ. ಊರಿನದೂ ಅದೇ ನಂಬಿಕೆ.

“ಕುಂಬಾರ ಓಣಿ ಒಪ್ಪಿತು,” ಎಂದ ಗೌಡ.

“ನಾ ಹೂಂ ಅಂದಿಲ್ರಿ ಗೌಡ್ರ.”

“ಒಲ್ಲೆ ಅಂತನೂ ಅಂದಿಲ್ಲಲ್ಲ ದ್ಯಾಮಪ್ಪ.”

ದ್ಯಾಮಪ್ಪ ಎದ್ದು ನಿಂತ. ಆ ಚಾವಡಿಯಲ್ಲಿ ಯಾರೂ ಆಡದ ಮಾತು, ನಾಲಿಗೆಯೇ ಏಳಲೊಲ್ಲದು. ಕಡೆಗೆ, “ಒಲ್ಲೆ ಗೌಡ್ರ. ಆ ಮಣ್ಣ ಹೋದ್ರ ನಾವು ಊರ ಬಿಡಬೇಕಾಗತೈತಿ,” ಎಂದ.

ಗೌಡ ಸಿಟ್ಟಾಗಲಿಲ್ಲ. “ಆತು, ಒಬ್ಬ ಒಲ್ಲೆ ಅಂದ. ಒಬ್ಬನ ಮಾತಿಗೆ ಊರ ನಿಲ್ಲಾಂಗಿಲ್ಲ, ಉಳಿದವ್ರು ಹೇಳ್ರಿ,” ಎಂದು ಒಂದೊಂದೇ ಹೆಸರು ಹಿಡಿದು ಕೇಳುತ್ತ ಹೋದ. ಗಾಣಿಗರ ಓಣಿ ಸುಮ್ಮನಾಯಿತು. ಬಡಿಗೇರ ಓಣಿ ಸುಮ್ಮನಾಯಿತು. ನೇಕಾರ ಓಣಿಯ ಯಮನೂರಪ್ಪ, ದ್ಯಾಮಪ್ಪನ ಬಾಲ್ಯದ ಗೆಳೆಯ, ಹಲ್ಲು ಕಚ್ಚಿ ಕೂತ. ಇಡೀ ಚಾವಡಿಯಲ್ಲಿ ಒಂದೇ ಒಂದು ಹೂಂ ಕೇಳಲಿಲ್ಲ. ಗೌಡ ಎಲ್ಲರಿಗೂ ಕೈಮುಗಿದು, ಊರು ಒಪ್ಪಿತು ಎಂದು ಎದ್ದುಹೋದ.

ಮರುದಿನ ಕೆರೆಯಂಗಳದಲ್ಲಿ ನೇಗಿಲು ಹೂಡಿದರು. ದ್ಯಾಮಪ್ಪ ತಿಗರಿಯನ್ನು ಗೋಡೆಗೆ ಒರಗಿಸಿ ಕೂತಿದ್ದಾಗ ಯಮನೂರಪ್ಪ ಬಂದು ಪಕ್ಕದಲ್ಲಿ ಕೂತ, ಅವನ ಹೆಗಲ ಮೇಲೆ ಕೈಯಿಟ್ಟ.

“ನಿನ್ನ ಸಲುವಾಗಿ ಇಡೀ ದೈವದಾಗ ಒಬ್ಬರೂ ಬಾಯಿ ಬಿಡಲಿಲ್ಲ ನೋಡ, ದ್ಯಾಮಣ್ಣ,” ಎಂದ ಹೆಮ್ಮೆಯಿಂದ.

ದ್ಯಾಮಪ್ಪನಿಗೆ ಸಿಟ್ಟು ಬರಲಿಲ್ಲ, ಅಳು ಬಂತು.